ಮರುವಾಯಿ ತಂದರೆ ಒಮ್ಮೆ ಸ್ಪಗೆಟ್ಟಿ ಮಾಡಿ

ಇಟಲಿಯ ನೇಪಲ್ಸ್‌ನ ಪೋರ್ತಾ ನೊಲಾನಾ ಮೀನು ಮಾರುಕಟ್ಟೆಯಲ್ಲಿ ನನ್ನ ಕನ್ನಡಕಕ್ಕೆ ನೀರು ಹಾರಿತು. ಹಾರಿಸಿದ್ದು ಒಂದು ಚಿಪ್ಪು. ಅಗಲ ತೊಟ್ಟಿಯ ನೀರಲ್ಲಿ ಜೀವಂತ ಚಿಪ್ಪುಗಳು ಮಲಗಿದ್ದವು. ಎರಡು ಪುಟ್ಟ ಕೊಳವೆಗಳನ್ನು ಹೊರಗೆ ಚಾಚಿಕೊಂಡು ಆಗಾಗ ಪಿಚಕ್ ಅಂತ ಚಿಮ್ಮಿಸುತ್ತಿದ್ದವು. ಅಲ್ಲಿನವರು ಇವನ್ನು ವೊಂಗೊಲೆ ಅನ್ನುತ್ತಾರೆ. ಮಂಗಳೂರಿನವರಿಗೆ ಇದು ಮರುವಾಯಿ, ಉತ್ತರ ಕನ್ನಡದ ಕಡೆ ಬಳಚು, ತಿಸ್ರೆ. ಜಾತಿ ಸ್ವಲ್ಪ ಬೇರೆ ಇರಬಹುದು, ಅಡುಗೆಗೆ ಎರಡೂ ಒಂದೇ.

ಸ್ಪಗೆಟ್ಟಿ ಅಂದರೆ ಉದ್ದ ಎಳೆಯ ಪಾಸ್ತಾ. ಈ ಚಿಪ್ಪು ಹಾಕಿ ಮಾಡುವ ಸ್ಪಗೆಟ್ಟಿ ಆಲ್ಲೆ ವೊಂಗೊಲೆ ನೇಪಲ್ಸ್‌ನವರ ಹಬ್ಬದಡುಗೆ. ಡಿಸೆಂಬರ್ 24ರ ರಾತ್ರಿ ಮಾಂಸ ಬಿಟ್ಟು ಮೀನಿನ ಊಟ ಮಾಡುವ ಸಂಪ್ರದಾಯ ಅವರದು. ಆವತ್ತು ಇದು ಬೇಕೇ ಬೇಕು. ಮಸಾಲೆ ಇಲ್ಲ, ಕೆನೆ ಇಲ್ಲ, ಚೀಸ್ ಅಂತೂ ಇಲ್ಲವೇ ಇಲ್ಲ. ರುಚಿಯೆಲ್ಲ ಚಿಪ್ಪು ಬಾಯಿ ಬಿಟ್ಟಾಗ ಸುರಿಯುವ ನೀರಿನದು. ಆ ನೀರನ್ನು ಮರಳಿಲ್ಲದಂತೆ ಉಳಿಸಿಕೊಂಡರೆ ಮುಕ್ಕಾಲು ಅಡುಗೆ ಆದ ಹಾಗೆ.

ಇಬ್ಬರಿಗೆ ಬೇಕಾಗುವುದು: ಜೀವಂತ ಮರುವಾಯಿ 600 ಗ್ರಾಂ, ಸ್ಪಗೆಟ್ಟಿ 180 ಗ್ರಾಂ, ಆಲಿವ್ ಎಣ್ಣೆ 4 ದೊಡ್ಡ ಚಮಚ, ಬೆಳ್ಳುಳ್ಳಿ 2 ಎಸಳು, ಅರ್ಧ ಒಣಮೆಣಸಿನಕಾಯಿ, ಬಿಳಿ ವೈನ್ ಅರ್ಧ ಕಪ್, ಒಂದು ಹಿಡಿ ಪಾರ್ಸ್ಲಿ ಸೊಪ್ಪು, ಉಪ್ಪು.

ಮೊದಲು ಮರಳು ಬಿಡಿಸಬೇಕು. ನಾನು ಮೊದಲ ಸಲ ಈ ಕೆಲಸಕ್ಕೆ ಸೋಮಾರಿತನ ಮಾಡಿದ್ದೆ. ನಲ್ಲಿ ನೀರಲ್ಲಿ ಎರಡು ಸಲ ತೊಳೆದು ಸೀದಾ ಬಾಣಲೆಗೆ ಸುರಿದೆ. ಮೊದಲ ತುತ್ತಿಗೇ ಹಲ್ಲಿನಡಿ ಕರಕರ. ಪೂರ್ತಿ ತಟ್ಟೆ ಕಸದ ಬುಟ್ಟಿಗೆ ಹೋಯಿತು.

ಸರಿಯಾದ ಕ್ರಮ ಹೀಗಿದೆ. ಒಂದು ಲೀಟರ್ ನೀರಿಗೆ 35 ಗ್ರಾಂ, ಅಂದರೆ ಸಮ ಮಾಡಿದ ಎರಡು ದೊಡ್ಡ ಚಮಚ ಉಪ್ಪು ಕರಗಿಸಿ. ಸಮುದ್ರದ ನೀರೂ ಹೆಚ್ಚುಕಡಿಮೆ ಇಷ್ಟೇ ಉಪ್ಪು. ಸಪ್ಪೆ ನೀರಲ್ಲಿ ಬಹಳ ಹೊತ್ತು ಇಟ್ಟರೆ ಅವು ಸಾಯುತ್ತವೆ. ಅಗಲ ಪಾತ್ರೆಯಲ್ಲಿ ಹರಡಿ, ತಂಪಾದ ಕತ್ತಲೆ ಜಾಗದಲ್ಲಿ ಎರಡು ಮೂರು ಗಂಟೆ ಬಿಡಿ. ನಡುವೆ ಒಮ್ಮೆ ನೀರು ಬದಲಿಸಿ. ತೆಗೆಯುವಾಗ ಕೈಯಿಂದ ಎತ್ತಿ ತೆಗೆಯಿರಿ. ಪಾತ್ರೆ ಬಗ್ಗಿಸಿದಿರೋ, ತಳದ ಮರಳೆಲ್ಲ ಮತ್ತೆ ಚಿಪ್ಪಿನ ಮೇಲೇ.

ಆಮೇಲೆ ಒಂದೊಂದನ್ನೇ ಮಣೆಗೆ ಸಣ್ಣಗೆ ಕುಟ್ಟಿ ನೋಡಿ. ಕೆಲವು ಚಿಪ್ಪಿನೊಳಗೆ ಜೀವ ಇರುವುದಿಲ್ಲ, ಬರೀ ಕೆಸರು ಇರುತ್ತದೆ. ಕುಟ್ಟಿದಾಗ ಅವು ಬಿಚ್ಚಿಕೊಂಡು ಕಪ್ಪು ಕೆಸರು ಹೊರಬರುತ್ತದೆ. ಅಂಥದ್ದು ಒಂದಿದ್ದರೂ ಸಾಕು, ಪೂರ್ತಿ ಅಡುಗೆ ಹಾಳು. ಬಾಯಿ ತೆರೆದಿದ್ದು, ತಟ್ಟಿದರೂ ಮುಚ್ಚದ ಚಿಪ್ಪು ಸತ್ತಿದೆ ಅಂತ ಅರ್ಥ, ಎಸೆಯಿರಿ.

ಈಗ ಒಲೆ ಹಚ್ಚಿ. ಬಾಣಲೆಯಲ್ಲಿ ಎಣ್ಣೆ, ಜಜ್ಜಿದ ಬೆಳ್ಳುಳ್ಳಿ, ಮೆಣಸಿನಕಾಯಿ ಹಾಕಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ. ಬೆಳ್ಳುಳ್ಳಿ ಕಂದಾಗಬಾರದು, ಕಹಿಯಾಗುತ್ತದೆ. ಮೆಣಸಿಗೆ ಗುಂಟೂರು ಸಾಕು. ಬ್ಯಾಡಗಿ ಹಾಕಿದರೆ ಖಾರಕ್ಕಿಂತ ಬಣ್ಣವೇ ಜಾಸ್ತಿ. ಮರುವಾಯಿ ಸುರಿದು, ವೈನ್ ಹಾಕಿ, ಉರಿ ಜೋರು ಮಾಡಿ ಮುಚ್ಚಿಡಿ. ವೈನ್ ಬೇಡವೆಂದರೆ ಸ್ವಲ್ಪ ನೀರು ಹಾಕಿ, ಕೊನೆಗೆ ನಾಲ್ಕು ಹನಿ ನಿಂಬೆರಸ ಹಿಂಡಿ. ಮೂರು ನಾಲ್ಕು ನಿಮಿಷಕ್ಕೆ ಚಿಪ್ಪುಗಳು ಟಪ್ ಟಪ್ ಅಂತ ಬಾಯಿ ಬಿಡುತ್ತವೆ. ಬಿಟ್ಟದ್ದನ್ನು ಬಿಟ್ಟ ಹಾಗೆ ಎತ್ತಿಡಿ. ಎತ್ತುವುದು ತಡವಾದರೆ ಮಾಂಸ ರಬ್ಬರ್ ಆಗುತ್ತದೆ. ಕೊನೆಗೂ ಬಾಯಿ ಬಿಡದ್ದು ಬೇಡ.

ಬಾಣಲೆಯಲ್ಲಿ ಉಳಿದ ಬೂದು ಬಣ್ಣದ ನೀರು ನೋಡಲು ಏನೂ ಚೆಂದ ಇಲ್ಲ. ಅದನ್ನು ತೆಳು ಬಟ್ಟೆಯಲ್ಲಿ ಸೋಸಿಡಿ. ಫೋನಿನಲ್ಲಿ ಈ ಅಡುಗೆ ವಿವರಿಸುತ್ತಿದ್ದಾಗ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಆ ನೀರು ಚೆಲ್ಲಲಿಲ್ಲ ಅಲ್ವಾ?" ಮರುವಾಯಿ ಸುಕ್ಕ ಮಾಡುವಾಗ ಅವಳೂ ಅದನ್ನು ಚೆಲ್ಲುವುದಿಲ್ಲ.

ಸ್ಪಗೆಟ್ಟಿ ವಿಷಯ ಬೇಗ ಮುಗಿಯುತ್ತದೆ. ಡ್ಯೂರಮ್ ಅನ್ನುವ ಗಟ್ಟಿ ಗೋಧಿಯದ್ದೇ ತನ್ನಿ. ನೇಪಲ್ಸ್ ಹತ್ತಿರದ ಗ್ರಾಗ್ನಾನೊ ಊರಿನ ಪಾಸ್ತಾಕ್ಕೆ ಭಾರೀ ಹೆಸರು. ಕಂಚಿನ ಅಚ್ಚಿನಲ್ಲಿ ಒತ್ತುವುದರಿಂದ ಮೈ ಒರಟಾಗಿ, ರಸ ಚೆನ್ನಾಗಿ ಅಂಟುತ್ತದೆ. ಎರಡು ಲೀಟರ್ ಕುದಿಯುವ ನೀರಿಗೆ ಎರಡು ಸಣ್ಣ ಚಮಚ ಉಪ್ಪು ಸಾಕು, ಚಿಪ್ಪಿನ ನೀರೇ ಉಪ್ಪು. ಪೊಟ್ಟಣದ ಮೇಲೆ 10 ನಿಮಿಷ ಅಂತಿದ್ದರೆ ಎಂಟಕ್ಕೇ ಎತ್ತಿ. ಬೇಯಿಸಿದ ನೀರು ಒಂದು ಲೋಟ ತೆಗೆದಿಡಿ.

ಕೊನೆಯ ಎರಡು ನಿಮಿಷ ಬಾಣಲೆ ಬಿಟ್ಟು ಕದಲಬೇಡಿ. ಸೋಸಿದ ನೀರನ್ನು ಬಾಣಲೆಗೆ ಹಾಕಿ ಕುದಿಸಿ, ಸ್ಪಗೆಟ್ಟಿ ಸೇರಿಸಿ, ಜೋರು ಉರಿಯಲ್ಲಿ ಎತ್ತಿ ಎತ್ತಿ ತಿರುವಿ. ಒಣಗಿದರೆ ತೆಗೆದಿಟ್ಟ ನೀರು ಚಿಮುಕಿಸಿ. ಎಣ್ಣೆ, ಹಿಟ್ಟಿನಂಶ, ಚಿಪ್ಪಿನ ನೀರು ಮೂರೂ ಬೆರೆತು ತೆಳು ಗಂಜಿಯ ಹದಕ್ಕೆ ಬಂದು ಎಳೆಗಳಿಗೆ ಹೊಳಪು ಬರುತ್ತದೆ. ಆಗ ಮರುವಾಯಿ, ಹೆಚ್ಚಿದ ಪಾರ್ಸ್ಲಿ ಹಾಕಿ ಇಳಿಸಿ. ಪಾರ್ಸ್ಲಿ ಸಿಗದಿದ್ದರೆ ಸುಮ್ನೆ ಬಿಟ್ಟುಬಿಡಿ, ಕೊತ್ತಂಬರಿ ಹಾಕಿದರೆ ಬೇರೆಯೇ ಅಡುಗೆ ಆಗುತ್ತದೆ.

ಬಿಸಿ ಇರುವಾಗಲೇ ಬಡಿಸಿ. ಚಿಪ್ಪು ಹಾಕಲು ಪಕ್ಕದಲ್ಲಿ ಒಂದು ಖಾಲಿ ಬಟ್ಟಲಿರಲಿ. ತಟ್ಟೆಯ ತಳದಲ್ಲಿ ಉಳಿದ ರಸವನ್ನು ನೇಪಲ್ಸ್‌ನವರು ಬ್ರೆಡ್ಡಿನಲ್ಲಿ ಒರೆಸಿ ತಿನ್ನುತ್ತಾರೆ. ಊರಲ್ಲಿ ಮಾಡಿದ ದಿನ ಅಮ್ಮ ಅದಕ್ಕೆಂದೇ ಎದ್ದು ಹೋಗಿ ನಾಲ್ಕು ನೀರುದೋಸೆ ಹುಯ್ದಳು.