ವಾಗ್ದಾನದ ಚೀಟಿಯಿಂದ ವಾಕ್ಯಭಾಗಕ್ಕೆ: ಸತ್ಯವೇದವನ್ನು ಓದುವ ಬಗೆ

ಹೊಸ ವರ್ಷದ ಆರಾಧನೆಯಲ್ಲಿ ಸಿಕ್ಕ, ಒಂದು ವಚನ ಬರೆದ ವಾಗ್ದಾನದ ಚೀಟಿಯನ್ನು ಸತ್ಯವೇದದ (ಬೈಬಲಿನ) ನಡುವೆ ಇಟ್ಟು, ಮುಂದಿನ ಡಿಸೆಂಬರ್‌ವರೆಗೆ ಮರೆತುಬಿಡುವವರು ನಮ್ಮಲ್ಲಿ ಕಡಿಮೆಯಿಲ್ಲ. ಅದೇ ಉತ್ಸಾಹದಲ್ಲಿ ವರ್ಷದೊಳಗೆ ಇಡೀ ಗ್ರಂಥವನ್ನು ಓದಿ ಮುಗಿಸುವ ತೀರ್ಮಾನವನ್ನೂ ಮಾಡುತ್ತೇವೆ. ಆದರೆ 66 ಪುಸ್ತಕಗಳ 1,189 ಅಧ್ಯಾಯಗಳಿಗೆ ದಿನಕ್ಕೆ ಮೂರಕ್ಕಿಂತ ಹೆಚ್ಚು ಅಧ್ಯಾಯಗಳು ಬೇಕಾಗುವುದರಿಂದ, ಯಾಜಕಕಾಂಡದ ಬಲಿವಿಧಿಗಳನ್ನು ತಲುಪುವಷ್ಟರಲ್ಲಿ ಉಸಿರು ಕಟ್ಟುತ್ತದೆ. ಹೊಸದಾಗಿ ತೊಡಗುವವರಿಗೆ ಮಾರ್ಕನ ಸುವಾರ್ತೆ ಸಾಕು: 16 ಅಧ್ಯಾಯಗಳು, ದಿನಕ್ಕೊಂದು.

ಓದುವಾಗ ತುಟಿ ಅಲುಗಲಿ. ಮೊದಲನೆಯ ಕೀರ್ತನೆಯಲ್ಲಿ ಹಗಲಿರುಳು ‘ಧ್ಯಾನಿಸುವ’ವನನ್ನು ಧನ್ಯನೆಂದು ಕರೆದಿರುವ ಕಡೆ ಮೂಲ ಹೀಬ್ರೂವಿನಲ್ಲಿರುವ ‘ಹಾಗಾ’ ಎಂಬ ಪದಕ್ಕೆ ಗುಣುಗುಟ್ಟುವುದೆಂಬ ಅರ್ಥವೂ ಇದೆ. ಯೆಶಾಯ 31:4ರಲ್ಲಿ ಬೇಟೆಯ ಮೇಲೆ ನಿಂತ ಸಿಂಹದ ಗುರುಗುಟ್ಟುವಿಕೆಗೂ ಇದೇ ಪದ ಬಂದಿದೆ. ಹನ್ನೆರಡನೆಯ ಶತಮಾನದ ಸನ್ಯಾಸಿ ಎರಡನೆಯ ಗೀಗೋ, ಓದುವುದನ್ನು ತುತ್ತು ಬಾಯಿಗಿಡುವುದಕ್ಕೂ ಧ್ಯಾನವನ್ನು ಅಗಿಯುವುದಕ್ಕೂ ಹೋಲಿಸಿದ. ನಮ್ಮಲ್ಲಿ ಇದಕ್ಕೆ ಮೆಲುಕು ಹಾಕುವುದೆಂಬ ಮಾತು ಸಿದ್ಧವಾಗಿಯೇ ಇದೆ.

ಈಗ ಚೀಟಿಯನ್ನೇ ಹೊರತೆಗೆಯಿರಿ. ಅದರಲ್ಲಿ ಯೆರೆಮೀಯ 29:11 ಇದೆಯೆಂದುಕೊಳ್ಳೋಣ: ದೇವರು ನಿಮ್ಮ ವಿಷಯದಲ್ಲಿ ಹಿತವನ್ನೇ ಯೋಚಿಸಿದ್ದಾನೆ, ನಿಮಗೊಂದು ನಿರೀಕ್ಷೆಯನ್ನು ಕೊಡುತ್ತಾನೆ ಎಂಬ ವಚನ. ಅಲ್ಲಿಗೇ ನಿಲ್ಲದೆ ಹಿಂದಿನ ಅಧ್ಯಾಯದಿಂದ ಓದುತ್ತ ಬನ್ನಿ. ಇದು ಬಾಬೆಲಿನ ಅರಸ ನೆಬೂಕದ್ನೆಚ್ಚರನು ಸೆರೆಹಿಡಿದು ಬಾಬೆಲಿಗೆ ಒಯ್ದವರಿಗೆ ಯೆರೂಸಲೇಮಿನಿಂದ ಹೋದ ಪತ್ರ. ಎರಡೇ ವರ್ಷಗಳಲ್ಲಿ ಎಲ್ಲವೂ ಸರಿಹೋಗುತ್ತದೆಂದು ಸುಳ್ಳು ಪ್ರವಾದಿ ಹನನ್ಯನು ಸಾರಿದ್ದರೆ, ಪ್ರವಾದಿ ಯೆರೆಮೀಯನ ಈ ಪತ್ರದ 10ನೆಯ ವಚನ 70 ವರ್ಷಗಳೆನ್ನುತ್ತದೆ. ಅಲ್ಲಿಯವರೆಗೆ ಮನೆ ಕಟ್ಟಿರಿ, ತೋಟ ಮಾಡಿರಿ, ಸೆರೆಯೊಯ್ದ ಆ ಪಟ್ಟಣದ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿರಿ ಎನ್ನುತ್ತದೆ. ಇಷ್ಟನ್ನು ಓದಿದ ಮೇಲೆ ಚೀಟಿಯ ಸಾಂತ್ವನ ಹೋಗುವುದಿಲ್ಲ, ಆದರೆ ಅದರ ತೂಕ ಬದಲಾಗುತ್ತದೆ. (ನಮಗೆ ಬೇಕಾದ ಅರ್ಥ ತಟ್ಟನೆ ಹೊಳೆದ ದಿನ, ನಾವು ಹನನ್ಯನ ಕಡೆಯವರಲ್ಲವೇ ಎಂದು ಒಮ್ಮೆ ಕೇಳಿಕೊಳ್ಳುವುದು ಕ್ಷೇಮ, ಸಂದೇಹವಿದ್ದರೆ ಸಭೆಯ ಹಿರಿಯರೊಬ್ಬರ ಮುಂದೆ ಅದನ್ನು ಹೇಳಿನೋಡಿ.)

ಬಳಿಕ ನೋಟ್‌ಬುಕ್ಕಿನಲ್ಲಿ ಒಂದೇ ವಾಕ್ಯ ಬರೆಯಿರಿ, ಅದೂ ಆ ದಿನವೇ ಮಾಡಬಹುದಾದದ್ದನ್ನು. ‘ಎಲ್ಲರನ್ನೂ ಪ್ರೀತಿಸಬೇಕು’ ಎಂದು ಬರೆದರೆ ಸಂಜೆ ಪರೀಕ್ಷಿಸಲು ಏನೂ ಉಳಿಯುವುದಿಲ್ಲ. ಕೆಲಸಕ್ಕಾಗಿ ಬೆಂಗಳೂರಿಗೆ ಬಂದು, ಬಾಡಿಗೆ ಮನೆಯಲ್ಲಿ ಊರಿಗೆ ಮರಳುವ ದಿನ ಎಣಿಸುತ್ತ ನಗರವನ್ನು ಬೈಯುವವರು ‘ಇಂದು ನಮ್ಮ ಬೀದಿ ಗುಡಿಸುವವರ ಹೆಸರು ಕೇಳಿ ತಿಳಿದು, ಅವರಿಗಾಗಿ ಪ್ರಾರ್ಥಿಸುತ್ತೇನೆ’ ಎಂದು ಬರೆದರೆ, ಅದು ಪಟ್ಟಣಕ್ಕಾಗಿ ಪ್ರಾರ್ಥಿಸಿರಿ ಎನ್ನುವ ಆ ಪತ್ರದ ಏಳನೆಯ ವಚನಕ್ಕೆ ತಕ್ಕ ಉತ್ತರ. ವಾಕ್ಯವನ್ನು ಕೇಳಿಯೂ ಅದರಂತೆ ನಡೆಯದವನನ್ನು ಯಾಕೋಬನು ತನ್ನ ಪತ್ರದಲ್ಲಿ, ಕನ್ನಡಿಯಲ್ಲಿ ಮುಖ ನೋಡಿಕೊಂಡು ಹೋಗಿ ತಾನು ಹೇಗಿದ್ದೆನೆಂಬುದನ್ನೇ ಮರೆತವನಿಗೆ ಹೋಲಿಸುತ್ತಾನೆ. ಮಲಗುವ ಮುನ್ನ ನೋಟ್‌ಬುಕ್ ತೆರೆಯುವ ಎರಡು ನಿಮಿಷ ಆ ಕನ್ನಡಿಯ ಮುಂದೆ ಮರಳಿ ನಿಲ್ಲುವುದಕ್ಕಾಗಿ.

ಪ್ರಾರ್ಥಿಸಲು ಮಾತೇ ಬಾರದ ದಿನಗಳೂ ಇರುತ್ತವೆ. ಆಗ ಕೀರ್ತನೆಯನ್ನೇ ಪ್ರಾರ್ಥನೆಯಾಗಿ ಓದಿ. 88ನೆಯ ಕೀರ್ತನೆ ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ, ಅದನ್ನು ಹಾಗೆಯೇ ಮುಗಿಸಿ. ನಡುವೆ ಓದು ನಾಲ್ಕೈದು ದಿನ ತಪ್ಪಿದರೆ ಬಾಕಿ ಅಧ್ಯಾಯಗಳನ್ನು ಒಂದೇ ರಾತ್ರಿ ತೀರಿಸಲು ಹೋಗಬೇಡಿ. ಚೀಟಿಯನ್ನು ಗುರುತಿಗಾಗಿ ಇಟ್ಟ ಪುಟ ತೆರೆದು, ಅಲ್ಲಿಂದಲೇ ಓದಿ.