ಗುಲ್ಮ ತೆಗೆದ ಮೇಲೆ ಪ್ಲೇಟ್‌ಲೆಟ್ ಏರಿದರೆ ಮನೆಯವರು ಏನು ಮಾಡಬೇಕು

ನಮ್ಮ ರಾಯಚೂರು ಕಡೆ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಅಂದ್ರೆ ಡೆಂಗಿ. ಎಷ್ಟಕ್ಕೆ ಇಳೀತು ಅಂತಲೇ ಎಲ್ಲರೂ ಕೇಳುತ್ತಾರೆ. ಹೋದ ಬೇಸಿಗೆಯಲ್ಲಿ ಚಿಕ್ಕಪ್ಪನ ಮಗ ಸಿಂಧನೂರು ರಸ್ತೆಯಲ್ಲಿ ಬೈಕಿಂದ ಬಿದ್ದ. ಹ್ಯಾಂಡಲ್ ಎಡಪಕ್ಕೆಗೆ ಬಡಿದು ಅಲ್ಲೇ ಒಳಗಿರುವ ಗುಲ್ಮ (ಸ್ಪ್ಲೀನ್) ಒಡೆದಿತ್ತು, ಅವತ್ತು ರಾತ್ರಿಯೇ ಆಪರೇಷನ್ ಮಾಡಿ ತೆಗೆದರು. ಹನ್ನೆರಡನೇ ದಿನ ಪ್ಲೇಟ್‌ಲೆಟ್ 9 ಲಕ್ಷ ಇತ್ತು. ಪ್ಲೇಟ್‌ಲೆಟ್ ಅನ್ನೋ ಮಾತು ಕಿವಿಗೆ ಬಿದ್ದದ್ದೇ ತಡ, ಚಿಕ್ಕಮ್ಮ ಪಪ್ಪಾಯಿ ಎಲೆ ಅರೆಯಲು ಕೂತರು. ಬೇಡ ಅಂತ ತಡೆದೆ. ಇಲ್ಲಿ ಕಥೆಯೇ ಉಲ್ಟಾ ಅಲ್ವಾ, ಆಗಿರುವುದು ಜಾಸ್ತಿ.

ಮೈಯಲ್ಲಿರುವ ಪ್ಲೇಟ್‌ಲೆಟ್‌ಗಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಗುಲ್ಮದಲ್ಲೇ ತಂಗಿರುತ್ತವೆ, ಹಳೆಯವನ್ನು ಸೋಸಿ ತೆಗೆಯುವ ಕೆಲಸದಲ್ಲೂ ಅದರ ಪಾಲು ದೊಡ್ಡದು. ಗುಲ್ಮ ಹೋದರೆ ಅವೆಲ್ಲ ರಕ್ತದಲ್ಲೇ ಓಡಾಡುತ್ತವೆ. ಅದರ ಮೇಲೆ ಪೆಟ್ಟು, ಆಪರೇಷನ್ ಎರಡರಿಂದಲೂ ಮೂಳೆಯ ಮಜ್ಜೆ ಹೊಸದನ್ನು ಇನ್ನಷ್ಟು ಹುಟ್ಟಿಸುತ್ತದೆ. ಸಾಮಾನ್ಯವಾಗಿ 1.5ರಿಂದ 4.5 ಲಕ್ಷ ಇರಬೇಕಾದದ್ದು ಒಂದರಿಂದ ಮೂರು ವಾರದೊಳಗೆ ತುದಿ ಮುಟ್ಟುತ್ತದೆ, ಕೆಲವರಿಗೆ 10 ಲಕ್ಷ ದಾಟುವುದೂ ಉಂಟು, ಆಮೇಲೆ ವಾರಗಳು ಇಲ್ಲವೇ ತಿಂಗಳುಗಳಲ್ಲಿ ತಾನಾಗಿ ಇಳಿಯುತ್ತದೆ. ಹೆಚ್ಚಿನವರಿಗೆ ಇದರಿಂದ ತೊಂದರೆ ಆಗುವುದಿಲ್ಲ.

ಡಾಕ್ಟರ್ ಹೇಳಿದ ದಿನ ರಕ್ತ ಪರೀಕ್ಷೆ ತಪ್ಪಿಸಬೇಡಿ. ಒಂದು ನೋಟ್‌ಬುಕ್‌ನಲ್ಲಿ ತಾರೀಖು, ಸಂಖ್ಯೆ ಬರೆದಿಡಿ, ಏರುತ್ತಿದೆಯೋ ಇಳಿಯುತ್ತಿದೆಯೋ ಒಂದೇ ನೋಟಕ್ಕೆ ತಿಳಿಯುತ್ತದೆ. ಪ್ಲೇಟ್‌ಲೆಟ್ ಜಾಸ್ತಿಯಾದರೆ ರಕ್ತ ಹೆಪ್ಪುಗಟ್ಟಬಹುದು, ಹಾಗಾಗದಿರಲು ಆಸ್ಪಿರಿನ್ ಕೊಡಬೇಕೋ ಬೇಡವೋ ಅನ್ನುವುದನ್ನು ಡಾಕ್ಟರಿಗೇ ಬಿಡಿ, ಬೇರೆ ಗಾಯ ಇದ್ದವರಿಗೆ ಅದರಿಂದ ರಕ್ತ ಸೋರಬಹುದು. ಮೆಡಿಕಲ್‌ನಲ್ಲಿ ಕೇಳಿ ತಂದು ಸುಮ್ನೆ ನುಂಗಿಸಬೇಡಿ. ಡಾಕ್ಟರ್ ಒಪ್ಪಿದ ದಿನದಿಂದಲೇ ಮೆಲ್ಲಗೆ ನಡೆಸಿ. ನಮ್ಮ ಬಿಸಿಲು ಗೊತ್ತಲ್ಲ, ನೀರು, ಮಜ್ಜಿಗೆ ಕೊಡುತ್ತಿರಿ. ಹೊಟ್ಟೆನೋವು ದಿನದಿಂದ ದಿನಕ್ಕೆ ಹೆಚ್ಚಾದರೆ, ವಾಂತಿ ಬಿಡದಿದ್ದರೆ, ಒಂದೇ ಕಾಲು ಊದಿ ನೋಯುತ್ತಿದ್ದರೆ, ಉಸಿರು ಕಟ್ಟಿದಂತಾದರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ. ಹೊಟ್ಟೆಯೊಳಗೆ ಲಿವರಿಗೆ ಹೋಗುವ ರಕ್ತನಾಳದಲ್ಲಿ ಹೆಪ್ಪುಗಟ್ಟುವುದು ಅಪರೂಪ, ಆದರೆ ಆಗುತ್ತದೆ.

ಇಷ್ಟೆಲ್ಲ ಹೇಳಿದರೂ ನನಗೆ ಹೆಚ್ಚು ಭಯ ಇರುವುದು ಪ್ಲೇಟ್‌ಲೆಟ್‌ದಲ್ಲ, ಜ್ವರದ್ದು. ಸಂಖ್ಯೆ ಇಳಿದ ಮೇಲೆ ಮನೆಯವರು ಎಲ್ಲ ಮುಗೀತು ಅಂದುಕೊಳ್ಳುತ್ತಾರೆ. ಸೋಂಕು ತಡೆಯುವುದರಲ್ಲೂ ಗುಲ್ಮದ ಪಾಲಿದೆ, ಅದು ಇಲ್ಲದವರಿಗೆ ನ್ಯೂಮೊಕಾಕಸ್ (ನ್ಯುಮೋನಿಯಾ ತರುವ ಬ್ಯಾಕ್ಟೀರಿಯಾ) ತರಹದ ಸೋಂಕು ತಗುಲಿದರೆ ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೇ ಬರಬಹುದು, ಮಲೇರಿಯಾ ಕೂಡ ಜೋರಾಗಿ ಕಾಡುತ್ತದೆ. ಈ ಅಪಾಯ ವರ್ಷಗಳಾದರೂ ಹೋಗುವುದಿಲ್ಲ. ಇಂಥ ಬ್ಯಾಕ್ಟೀರಿಯಾಗಳನ್ನು ತಡೆಯುವ ನ್ಯೂಮೊಕಾಕಸ್, ಮೆನಿಂಜೊಕಾಕಸ್, ಹಿಬ್ ಲಸಿಕೆಗಳನ್ನು ಸಾಮಾನ್ಯವಾಗಿ ಆಪರೇಷನ್ ಆಗಿ 14 ದಿನದ ನಂತರ ಹಾಕುತ್ತಾರೆ. ನಮ್ಮವನ ಡಿಸ್ಚಾರ್ಜ್ ಚೀಟಿಯಲ್ಲಿ ಅದರ ಮಾತೇ ಇರಲಿಲ್ಲ, ನಾವೇ ಕೇಳಿ ಹಾಕಿಸಿದೆವು. ನೀವೂ ಕೇಳಿ. ಸೊಳ್ಳೆ ಪರದೆ ಕಟ್ಟಿ. ನಾಯಿ ಕಚ್ಚಿದರೆ ಡಾಕ್ಟರಿಗೆ ಗುಲ್ಮ ಇಲ್ಲ ಅನ್ನುವುದನ್ನೂ ಹೇಳಿ. ಅದನ್ನೇ ಒಂದು ಚೀಟಿಯಲ್ಲಿ ಬರೆದು ಪರ್ಸ್‌ನಲ್ಲಿಡಿ, ಚಳಿಜ್ವರ ಬಂದರೆ ಮಾತ್ರೆ ಕೊಟ್ಟು ಬೆಳಗಾಗಲಿ ಅನ್ನದೆ ಅವತ್ತೇ, ಮಧ್ಯರಾತ್ರಿಯಾದರೂ ಸರಿ, ಆ ಚೀಟಿ ಹಿಡಿದು ಆಸ್ಪತ್ರೆಗೆ ಹೋಗಿ.