ಎಳೆ ಎಣಿಸುವ ಹೊತ್ತು: ನೌಕರಿ ಬಿಡದೆ ಇಷ್ಟದ ಕೆಲಸಕ್ಕೆ ಮರಳುವುದು ಹೇಗೆ

ಪ್ರತಿ ತಿಂಗಳ 7, 11 ಮತ್ತು 20. ನನ್ನ ತಲೆ ಬಿಸಿಯಾಗುವ ತಾರೀಖುಗಳು ಇವು. 7ಕ್ಕೆ ಟಿಡಿಎಸ್, ಅಂದರೆ ಕೊಡುವ ಹಣದಲ್ಲೇ ಹಿಡಿದಿಟ್ಟ ತೆರಿಗೆ, ಕಟ್ಟಬೇಕು, 11ಕ್ಕೆ ಮಾರಾಟದ ಲೆಕ್ಕ ಕೊಡುವ ಜಿಎಸ್‌ಟಿಆರ್-1, 20ಕ್ಕೆ ಜಿಎಸ್‌ಟಿಯದೇ ಇನ್ನೊಂದು ಲೆಕ್ಕಪತ್ರ, 3ಬಿ. ಹುಬ್ಬಳ್ಳಿಯ ಒಂದು ಖಾಸಗಿ ಕಂಪನಿಯಲ್ಲಿ ಲೆಕ್ಕಪತ್ರ ನೋಡುವುದು ನನ್ನ ಕೆಲಸ. ಮನೆ ಧಾರವಾಡದಲ್ಲಿ. ವಯಸ್ಸು 47. ರಾತ್ರಿ ಊಟ ಆದ ಮೇಲೆ ನಾನು ಏನು ಮಾಡುತ್ತೇನೆ ಎಂದು ಹೇಳಿದರೆ ಕೆಲವರು ನಗುತ್ತಾರೆ. ಕಸೂತಿ ಹಾಕುತ್ತೇನೆ.

ನೌಕರಿ ಬಿಟ್ಟು ಮನಸ್ಸು ಹೇಳಿದ ಕಡೆ ಹೋಗಿ ಎನ್ನುವವರು ಈಗ ಬಹಳ ಜನ. ಅವರ ಮನೆ ಸಾಲದ ಕಂತು ಯಾರು ಕಟ್ಟುತ್ತಾರೋ ಗೊತ್ತಿಲ್ಲ. ನನ್ನದು ಇನ್ನೂ ಆರು ವರ್ಷ ಇದೆ. ಹಾಗಾಗಿ ನಾನು ಹೇಳುವುದು ನೌಕರಿ ಇಟ್ಟುಕೊಂಡೇ ಮಾಡುವ ದಾರಿ. ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ವೈದ್ಯರು ಕೊಟ್ಟ ಬಿಪಿ ಮಾತ್ರೆಯನ್ನು ಈಗಲೂ ದಿನಕ್ಕೊಂದು ನುಂಗುತ್ತೇನೆ. ಸೂಜಿ ಹಿಡಿದು ಬಿಪಿ ಹೋಯಿತು ಎಂದರೆ ಸುಳ್ಳಾಗುತ್ತದೆ. ರಾತ್ರಿ ಮೂರು ಗಂಟೆಗೆ ಎಚ್ಚರವಾಗಿ ಬಾಕಿ ಬಿಲ್ಲುಗಳನ್ನು ನೆನೆಯುವುದು ಮಾತ್ರ ನಿಂತಿದೆ.

ಹತ್ತು ವರ್ಷದವರಿದ್ದಾಗ ಏನು ಮಾಡುತ್ತಿದ್ದಿರಿ?

ನನ್ನ ಇಷ್ಟದ ಕೆಲಸ ಯಾವುದು ಎಂದು ಕೂತು ಯೋಚಿಸಿದರೆ ಉತ್ತರ ಸಿಗುವುದಿಲ್ಲ. ನಾನು ಹಾಗೆ ಯೋಚಿಸಿಯೇ ಒಂದು ಗಿಟಾರ್ ತಂದೆ. ಈಗ ಅದು ಅಟ್ಟದ ಮೇಲಿದೆ. ಮೂರು ತಿಂಗಳು ತಬಲಾ ಕ್ಲಾಸಿಗೆ ಹೋದೆ. ಧಾರವಾಡದಲ್ಲಿದ್ದು ಸಂಗೀತ ಬರುವುದಿಲ್ಲ ಎನ್ನಲು ನಾಚಿಕೆ, ಅದಕ್ಕೆ ಹೋದದ್ದು. ಅದೂ ಬಿಟ್ಟಿತು. ಎರಡೂ ಬೇರೆಯವರನ್ನು ನೋಡಿ ಹುಟ್ಟಿದ ಆಸೆಗಳು.

ಕಡೆಗೆ ಉತ್ತರ ಸಿಕ್ಕಿದ್ದು ಅಕ್ಕನಿಂದ. "ನೀ ಆಯಿ ಬಾಜೂಕ ಕುಂತು ಸೂಜಿ ಹಿಡೀತಿದ್ಯಲ್ಲೋ, ಮರತಿಯೇನು?" ಎಂದಳು. ನಿಜವಾಗಿಯೂ ಮರೆತಿದ್ದೆ. ನಮ್ಮ ಆಯಿ, ಅಂದರೆ ಅಜ್ಜಿ, ಮಧ್ಯಾಹ್ನ ಪಡಸಾಲೆಯಲ್ಲಿ ಕುಳಿತು ಇಳಕಲ್ ಸೀರೆಗೆ ಕಸೂತಿ ಹಾಕುತ್ತಿದ್ದಳು. ನಾನು ಎಳೆ ಎಣಿಸಿ ಕೊಡುತ್ತಿದ್ದೆ. ಆಮೇಲೆ ನನಗೂ ಒಂದು ತುಂಡು ಬಟ್ಟೆ ಕೊಟ್ಟಳು. ಏಳನೇ ತರಗತಿಯಲ್ಲಿ ಗೆಳೆಯರು ನೋಡಿ ಗೇಲಿ ಮಾಡಿದರು, ಅವತ್ತೇ ಬಿಟ್ಟೆ.

ನೀವೂ ಹೀಗೆ ಕೇಳಿ. ನಿಮ್ಮನ್ನಲ್ಲ, ಅಕ್ಕನನ್ನೋ ಅಣ್ಣನನ್ನೋ ಸೋದರತ್ತೆಯನ್ನೋ ಕೇಳಿ. "ನಾನು ಸಣ್ಣವನಿದ್ದಾಗ ಕರೆದರೂ ಕೇಳಿಸದಷ್ಟು ಯಾವುದರಲ್ಲಿ ಮುಳುಗಿರುತ್ತಿದ್ದೆ?" ಶಾಲೆಯ ಅಂಕಗಳ ಚಿಂತೆ ಬರುವ ಮೊದಲಿನ, ಯಾರೂ ಹೊಗಳದ ಕೆಲಸ ಅದು. ಗಡಿಯಾರ ಬಿಚ್ಚುವುದಿರಬಹುದು, ಇರುವೆ ಸಾಲು ನೋಡುವುದಿರಬಹುದು, ಅಡುಗೆಮನೆಯಲ್ಲಿ ಅವ್ವನ ಹಿಂದೆ ಸುತ್ತುವುದಿರಬಹುದು.

ಬಿಚ್ಚುವ ಪರೀಕ್ಷೆ

ಆಸೆ ಬೇರೆ, ಕೈಗೆ ಒಗ್ಗುವುದು ಬೇರೆ. ಎರಡನ್ನೂ ಬೇರೆ ಮಾಡಿ ನೋಡಲು ನನ್ನ ಬಳಿ ಒಂದೇ ಪರೀಕ್ಷೆ ಇದೆ. ಆ ಕೆಲಸದಲ್ಲಿ ಎಲ್ಲಕ್ಕಿಂತ ಬೇಸರದ ಭಾಗ ಯಾವುದೋ ಅದನ್ನು ಮಾಡಿ ನೋಡಿ. ತಬಲಾದಲ್ಲಿ ಒಂದೇ ಬೋಲನ್ನು ನೂರು ಸಲ ಬಾರಿಸಬೇಕು. ನನಗೆ ಹತ್ತಕ್ಕೇ ಸಾಕಾಗುತ್ತಿತ್ತು. ಕಸೂತಿಯಲ್ಲಿ ಬೇಸರದ ಕೆಲಸ ಬಿಚ್ಚುವುದು. ಒಂದು ಎಳೆ ತಪ್ಪಿದರೆ ಅರ್ಧ ಗಂಟೆಯ ಕೆಲಸ ಬಿಚ್ಚಬೇಕು. ಮೊದಲ ವಾರ ನಾನು ಹಾಕಿದ್ದಕ್ಕಿಂತ ಬಿಚ್ಚಿದ್ದೇ ಜಾಸ್ತಿ. ವಿಚಿತ್ರ ಅಂದರೆ ಸಿಟ್ಟು ಬರಲಿಲ್ಲ. ಆಫೀಸಿನಲ್ಲಿ ಇದೇ ಥರ ಲೆಕ್ಕ ತಾಳೆಯಾಗದಿದ್ದರೆ ಹಲ್ಲು ಕಡಿಯುವವನು ನಾನು.

ಆಗಲೇ ಗೊತ್ತಾಯಿತು, ನನ್ನ ಕೈಗುಣ ಹೊಲಿಗೆಯಲ್ಲ, ಎಣಿಕೆ. ಸಂಬಳಕ್ಕೆ ಮಾಡುವುದೂ ಅದನ್ನೇ. ಆದರೆ ಇಲ್ಲಿ 20ನೇ ತಾರೀಖು ಇಲ್ಲ.

ಸಾಮಾನು ಕಡಿಮೆ ಇರಲಿ

ಹೊಸ ಹವ್ಯಾಸ ಎಂದ ಕೂಡಲೇ ಅಂಗಡಿಗೆ ಓಡುವುದು ನಮ್ಮ ದೊಡ್ಡ ರೋಗ. ನಾನು ಈ ಸಲ ಮುನ್ನೂರು ರೂಪಾಯಿ ಮಿತಿ ಹಾಕಿಕೊಂಡೆ. ಅರ್ಧ ಮೀಟರ್ ಬಿಳಿ ಮ್ಯಾಟಿ ಬಟ್ಟೆ, ಮೊಂಡು ತುದಿಯ ಎರಡು ಸೂಜಿ, ಆಂಕರ್ ದಾರದ ನಾಲ್ಕು ಲಡಿ. ಕತ್ತರಿ ಮನೆಯಲ್ಲೇ ಇತ್ತು. ಮಿಕ್ಕ ಹಣದಲ್ಲಿ ಪೇಢೆ ತಂದೆ.

ಕಸೂತಿಗೆ ಪೆನ್ಸಿಲ್ಲಿನಲ್ಲಿ ನಕ್ಷೆ ಬರೆದುಕೊಳ್ಳುವ ಪದ್ಧತಿ ಇಲ್ಲ. ಬಟ್ಟೆಯ ಎಳೆ ಎಣಿಸಿಯೇ ಹಾಕಬೇಕು. ಅದಕ್ಕೇ ಕಲಿಯುವವರಿಗೆ ಮ್ಯಾಟಿ ಸುಲಭ, ಚೌಕ ಚೌಕವಾಗಿ ಎದ್ದು ಕಾಣುತ್ತದೆ. ಎಳೆ ಎಣಿಸಲಾಗದ ನುಣುಪು ಬಟ್ಟೆಯಾದರೆ ಮೇಲೆ ಜಾಳಿಗೆ ಕ್ಯಾನ್ವಾಸ್ ಇಟ್ಟು ಹಾಕಿ, ಮುಗಿದ ಮೇಲೆ ಅದರ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುತ್ತಾರೆ. ಅದೆಲ್ಲ ಆಮೇಲಿನ ಮಾತು.

ಮೊದಲ ಸಂಜೆ

ನಿಮ್ಮ ಇಷ್ಟ ಬೇರೆ ಇರಬಹುದು. ಆದರೂ ಮೊದಲ ಸಂಜೆ ಹೇಗೆ ಕೂರಬೇಕು ಎಂಬುದಕ್ಕೆ ನನ್ನದನ್ನೇ ಬಿಡಿಸಿ ಹೇಳುತ್ತೇನೆ.

ಕಸೂತಿಯಲ್ಲಿ ನಾಲ್ಕು ಹೊಲಿಗೆ. ಗವಂತಿ, ಮುರಗಿ, ನೇಗಿ, ಮೆಂತಿ. ನೇಗಿ ನೇಯ್ಗೆಯ ಹಾಗೆ ಕಾಣುತ್ತದೆ, ಮೆಂತಿ ಮೆಂತ್ಯದ ಕಾಳಿನ ಹಾಗೆ. ಗವಂತಿ ಒಂದರಿಂದಲೇ ಶುರು ಮಾಡಿ. ಆರು ಎಳೆಯ ದಾರದಲ್ಲಿ ಎರಡು ಎಳೆ ಮಾತ್ರ ಬೇರ್ಪಡಿಸಿ ಸೂಜಿಗೆ ಪೋಣಿಸಿ. ಗಂಟು ಹಾಕಬೇಡಿ. ನಾಲ್ಕು ಬೆರಳಿನಷ್ಟು ದಾರ ಹಿಂದೆ ಬಿಡಿ, ಆಮೇಲೆ ಹೊಲಿಗೆಯ ಅಡಿಯಲ್ಲಿ ಸೇರಿಸಬಹುದು. ಎರಡು ಚೌಕ ಮೇಲೆ, ಎರಡು ಚೌಕ ಕೆಳಗೆ, ಹೀಗೆ ಒಂದು ಗೆರೆ ಹೋಗಿ. ಈಗ ಗೆರೆ ಅರ್ಧ ಖಾಲಿ ಕಾಣುತ್ತದೆ. ತಿರುಗಿ ಅದೇ ದಾರಿಯಲ್ಲಿ ಬನ್ನಿ, ಬಿಟ್ಟ ಜಾಗಗಳನ್ನು ತುಂಬುತ್ತಾ. ಹೊರಟಲ್ಲಿಗೇ ಬಂದು ಮುಟ್ಟಿದಾಗ ಗೆರೆ ಪೂರ್ತಿಯಾಗಿರುತ್ತದೆ. ಬಟ್ಟೆ ತಿರುಗಿಸಿ ನೋಡಿದರೆ ಆ ಕಡೆಯೂ ಅಷ್ಟೇ ಚೊಕ್ಕ.

ಮುರಗಿ ಇದೇ ಲೆಕ್ಕದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಕಷ್ಟ ಇರುವುದು ಕವಲುಗಳಲ್ಲಿ. ತುಳಸಿ ಕಟ್ಟೆಯ ಚಿತ್ತಾರದಲ್ಲಿ ಒಂದು ಟೊಂಗೆ ಹೊರಟಿತು ಅನ್ನಿ. ದೊಡ್ಡ ರಸ್ತೆಯಿಂದ ಓಣಿಯೊಳಗೆ ಹೋಗಿ, ಕೊನೆಯ ಮನೆ ಮುಟ್ಟಿ, ತುಂಬುತ್ತಾ ವಾಪಸ್ ಬಂದು, ಮತ್ತೆ ರಸ್ತೆ ಹಿಡಿಯಬೇಕು. ಎಲ್ಲೋ ಒಂದು ಎಳೆ ತಪ್ಪಿದ್ದರೆ ಹೋಗುವಾಗ ಗೊತ್ತಾಗುವುದಿಲ್ಲ. ಬರುವಾಗ ತುದಿ ಕೂಡುವುದಿಲ್ಲ, ಆಗ ತಿಳಿಯುತ್ತದೆ. ಆಯಿ ನನ್ನ ಬಟ್ಟೆಯ ಹಿಂಬದಿಯನ್ನೇ ಮೊದಲು ನೋಡುತ್ತಿದ್ದಳು. "ಗಂಟ ಹಾಕಿಯಲ್ಲೋ ತಮ್ಮಾ. ಬಿಚ್ಚು. ಹಿಂದ ಮುಂದ ಒಂದ ಥರಾ ಕಾಣಬೇಕು."

ಎಣಿಸುತ್ತಿರುವಾಗ ತಲೆಯಲ್ಲಿ ಬೇರೆ ಯೋಚನೆಗೆ ಜಾಗ ಇರುವುದಿಲ್ಲ. ಸುಮ್ನೆ ಕೂತರೆ ಮ್ಯಾನೇಜರ್ ಮುಖ ಬರುತ್ತದೆ. ಎಣಿಸಲು ಕೂತರೆ ಬರುವುದಿಲ್ಲ. ಬಂದರೆ ಎಳೆ ತಪ್ಪುತ್ತದೆ, ಬಿಚ್ಚಬೇಕಾಗುತ್ತದೆ. ನೀವು ಆರಿಸುವ ಕೆಲಸವೂ ಹೀಗೆ ಇಡೀ ಗಮನ ಕೇಳುವಂಥದ್ದಾಗಿರಲಿ. ಟಿವಿ ನೋಡುತ್ತಾ ಮಾಡಬಹುದಾದ ಕೆಲಸದಿಂದ ನನಗಂತೂ ತಲೆ ಹಗುರ ಆಗಿಲ್ಲ.

ಹೊತ್ತು ಹೊಂದಿಸುವುದು

ಸಮಯ ಸಿಕ್ಕಾಗ ಮಾಡುತ್ತೇನೆ ಎಂದರೆ ಸಮಯ ಸಿಗುವುದಿಲ್ಲ. ಮೊದಲೇ ಇರುವ ಒಂದು ಅಭ್ಯಾಸದ ಬಾಲಕ್ಕೆ ಕಟ್ಟಿ. ನನ್ನದು ರಾತ್ರಿ ಊಟ. ತಾಟು ತೊಳೆದಿಟ್ಟು, ಫೋನನ್ನು ಅಡುಗೆಮನೆಯಲ್ಲೇ ಚಾರ್ಜಿಗೆ ಹಾಕಿ, ನಲವತ್ತು ನಿಮಿಷ ಕೂರುತ್ತೇನೆ. 7, 11, 20ರ ಹಿಂದುಮುಂದಿನ ದಿನಗಳಲ್ಲಿ ಹತ್ತೇ ನಿಮಿಷ. ಮಾರ್ಚ್ ಕೊನೆಯ ವಾರ ಪೂರ್ತಿ ರಜೆ. ಇದನ್ನು ಮೊದಲೇ ಕ್ಯಾಲೆಂಡರಿನಲ್ಲಿ ಬರೆದುಬಿಟ್ಟಿದ್ದೇನೆ. ಬರೆಯದಿದ್ದರೆ ಆ ವಾರ "ನನ್ನ ಕೈಲಿ ಯಾವುದೂ ಮುಂದುವರಿಯುವುದಿಲ್ಲ" ಎಂಬ ಹಳೆಯ ಕೊರಗು ಶುರುವಾಗುತ್ತದೆ.

ಹುಬ್ಬಳ್ಳಿಗೆ ಹೋಗಿಬರುವ ಚಿಗರಿ ಬಸ್ಸಿನಲ್ಲೂ ಹಾಕಿ ನೋಡಿದೆ. ಒಳ್ಳೆಯ ಬಸ್ಸು, ಒಳ್ಳೆಯ ರಸ್ತೆ, ಆದರೂ ಒಂದು ಬ್ರೇಕಿಗೆ ಸೂಜಿ ಹೆಬ್ಬೆರಳಿಗೆ ಇಳಿಯಿತು. ಬಸ್ಸಿನಲ್ಲಿ ಈಗ ಕಿಟಕಿ ಆಚೆ ನೋಡುತ್ತೇನೆ.

ಮನೆಯವರಿಗೆ ಹೇಳಿಯೇ ಶುರು ಮಾಡಿ. ಕದ್ದು ಮಾಡಿದರೆ ಅದೇ ಇನ್ನೊಂದು ಒತ್ತಡ. ನನ್ನ ಹೆಂಡತಿ ಮೊದಲ ದಿನ ಏನೂ ಅನ್ನಲಿಲ್ಲ. ಎರಡನೇ ವಾರ, "ಅಲ್ಲೆ ಬೆಳಕ ಸಾಲಂಗಿಲ್ಲರೀ, ಇತ್ತ ಬಂದು ಕೂಡ್ರಿ" ಎಂದು ಟೇಬಲ್ ಲ್ಯಾಂಪ್ ಇಟ್ಟಳು. ಆಫೀಸಿನಲ್ಲಿ ಒಬ್ಬರು, "ಏನ್ ಸರ, ಬ್ಲೌಸ್ ಹೊಲಿಯೋದೂ ಶುರು ಮಾಡೀರೇನು?" ಎಂದರು. ಏಳನೇ ತರಗತಿಯ ಗೇಲಿಗೂ ಇದಕ್ಕೂ ಏನೂ ವ್ಯತ್ಯಾಸ ಇರಲಿಲ್ಲ. ಈ ಸಲ ನಾನು ಒಂದು ಕರವಸ್ತ್ರ ತಂದು ತೋರಿಸಿದೆ. ಅವರು ಹಿಂದೆ ಮುಂದೆ ತಿರುಗಿಸಿ ನೋಡಿ, ಸರಿ ಬದಿ ಯಾವುದು ಎಂದು ಕೇಳಿದರು. ಅಷ್ಟು ಸಾಕಾಯಿತು.

ದುಡ್ಡಿನ ಮಾತು

ಇಲ್ಲಿ ನಾನು ಎಡವಿದ್ದೇನೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಒಂದು ವರ್ಷ ಆದ ಮೇಲೆ ಅಕ್ಕನ ಮಗಳ ಕುಪ್ಪಸದ ತೋಳಿಗೆ ನವಿಲು ಹಾಕಿಕೊಟ್ಟೆ. ಅದನ್ನು ಮದುವೆಯೊಂದರಲ್ಲಿ ನೋಡಿದವರು ಕೇಳಿದರು. ಧಾರವಾಡದ ಕಸೂತಿಗೆ 2006ರಲ್ಲಿ ಜಿಐ, ಅಂದರೆ ಇದು ಈ ಊರಿನದೇ ಎನ್ನುವ ಭೌಗೋಳಿಕ ಗುರುತು ಸಿಕ್ಕಿದೆ, ಕೈಯಲ್ಲಿ ಹಾಕಿದ್ದಕ್ಕೆ ಬೆಲೆ ಇದೆ, ಬಿಡಬೇಡ ಎಂದು ಒಬ್ಬ ಗೆಳೆಯ ಹುರಿದುಂಬಿಸಿದ. ಎಂಟು ಆರ್ಡರ್ ಹಿಡಿದೆ. ಎಲ್ಲವೂ ಒಂದೇ ಲಗ್ನದ ಸೀಸನ್ನಿಗೆ. ಎರಡೇ ವಾರದಲ್ಲಿ ಕ್ಯಾಲೆಂಡರಿನಲ್ಲಿ 7, 11, 20ರ ಜೊತೆ ಇನ್ನೂ ಎಂಟು ತಾರೀಖು ಸೇರಿದವು. ರಾತ್ರಿ ಒಂದರವರೆಗೆ ಕೂತೆ. ಎಳೆ ಎಣಿಸುವಾಗ ದುಡ್ಡು ಎಣಿಸತೊಡಗಿದೆ. ಒಂದು ಕುಪ್ಪಸಕ್ಕೆ ಹಿಡಿದ ಗಂಟೆಗಳನ್ನು ಕೂಡಿ ನೋಡಿದರೆ, ನನ್ನ ಸಂಬಳದ ಲೆಕ್ಕದಲ್ಲಿ ಕಾಲು ಭಾಗವೂ ಬಂದಿರಲಿಲ್ಲ. ಐದು ಮುಗಿಸಿ, ಮೂವರ ಮುಂಗಡ ವಾಪಸ್ ಕೊಟ್ಟು ಕ್ಷಮೆ ಕೇಳಿದೆ. ಆಮೇಲೆ ಎರಡು ತಿಂಗಳು ಸೂಜಿ ಮುಟ್ಟಲಿಲ್ಲ.

ಮಾರಲೇಬಾರದು ಎನ್ನುತ್ತಿಲ್ಲ. ಕಸೂತಿಯಿಂದಲೇ ಮನೆ ನಡೆಸುವ ಹೆಣ್ಣುಮಕ್ಕಳು ನಮ್ಮ ಊರಲ್ಲಿದ್ದಾರೆ. ಅವರದು ಕಸುಬು, ಅದರ ಲೆಕ್ಕ ಬೇರೆ. ನಾನು ಕಡಿಮೆ ದರಕ್ಕೆ ಹಾಕಿಕೊಟ್ಟರೆ ಅವರ ಹೊಟ್ಟೆಗೂ ಕಲ್ಲು ಅಲ್ವಾ? ಈಗ ನನ್ನ ಕಟ್ಟಳೆ ಹೀಗಿದೆ. ಹಾಕಿದ್ದನ್ನು ಮೊದಲು ಬೇಕಾದವರಿಗೆ ಕೊಡುವುದು. ಯಾರಾದರೂ ದುಡ್ಡು ಕೊಟ್ಟೇ ತೀರುತ್ತೇನೆ ಎಂದರೆ, ಮುಗಿದ ಮೇಲೆ ಬೆಲೆ ಹೇಳುವುದು, ಮುಗಿಯುವ ತಾರೀಖು ಹೇಳದಿರುವುದು. ಕಸುಬಿನವರು ತೆಗೆದುಕೊಳ್ಳುವುದಕ್ಕಿಂತ ಒಂದು ರೂಪಾಯಿಯೂ ಕಡಿಮೆ ಮಾಡದಿರುವುದು. ಇಷ್ಟು ಹೇಳಿದ ಮೇಲೆ ಬಹಳ ಜನ ಕೇಳುವುದೂ ಇಲ್ಲ, ಅದೂ ಒಳ್ಳೆಯದೇ.

ನಿಮ್ಮದು ಫೋಟೋ ತೆಗೆಯುವುದಿರಲಿ, ಉಪ್ಪಿನಕಾಯಿ ಹಾಕುವುದಿರಲಿ, ಮೊದಲ ಎರಡು ವರ್ಷ ಆರ್ಡರ್ ಹಿಡಿಯಬೇಡಿ. ಚೆನ್ನಾಗಿದೆ ಎಂದು ಯಾರಾದರೂ ಹೊಗಳಿದ ದಿನವಂತೂ ಬೇಡವೇ ಬೇಡ.

ಸದ್ಯಕ್ಕೆ ನನ್ನ ಮಡಿಲಲ್ಲಿರುವುದು ಕಪ್ಪು ಚಂದ್ರಕಾಳಿ. ನಮ್ಮ ಕಡೆ ಮದುವೆಯಲ್ಲಿ ಹೆಣ್ಣಿಗೆ ಕಸೂತಿ ಹಾಕಿದ ಚಂದ್ರಕಾಳಿ ಸೀರೆ ಕೊಡುವುದು ಹಳೆಯ ಪದ್ಧತಿ. ಮಗಳು ಇನ್ನೂ ಹತ್ತನೇ ತರಗತಿ, ಅವಸರವೇನೂ ಇಲ್ಲ. ಸೆರಗಿನ ಹತ್ತಿರ ಒಂದು ತೇರು ಹಾಕುತ್ತಿದ್ದೇನೆ. ಕಪ್ಪು ಬಟ್ಟೆಯ ಮೇಲೆ ಎಳೆ ಸರಿಯಾಗಿ ಕಾಣುವುದಿಲ್ಲ, ಅದಕ್ಕೆ ಮಡಿಲಲ್ಲಿ ಬಿಳಿ ಟವೆಲ್ ಹಾಸಿಕೊಳ್ಳುತ್ತೇನೆ. ನಿನ್ನೆ ಎರಡನೇ ಗಾಲಿ ಮುಗಿಸಿ ವಾಪಸ್ ಬರುವಾಗ ತುದಿ ಕೂಡಲಿಲ್ಲ. ಎಲ್ಲೋ ಒಂದು ಎಳೆ ಹೋಗಿದೆ. ಇವತ್ತು 19, ನಾಳೆ 3ಬಿ. ಹತ್ತು ನಿಮಿಷ ಇದೆ, ಗಾಲಿ ಬಿಚ್ಚಲು ಅಷ್ಟು ಸಾಕು.